ಟಾಮ್‌ಕ್ಯಾಟ್ 10 ಹಾಕಿದ ಮೇಲೆ ಅಪ್ಲಿಕೇಶನ್ ಏಳುತ್ತಿಲ್ಲ, ಈಗ ಏನು ಮಾಡಲಿ?

ಪ್ರಶ್ನೆ: ನಾನು ಶಿವಮೊಗ್ಗ ಜಿಲ್ಲೆಯ ಒಂದು ಪತ್ತಿನ ಸಹಕಾರ ಸಂಘದಲ್ಲಿ ಕಂಪ್ಯೂಟರ್ ಕೆಲಸ ನೋಡಿಕೊಳ್ಳುತ್ತೇನೆ. ಜಾವಾ ವೆಬ್ ಅಪ್ಲಿಕೇಶನ್ ನಡೆಸುವ ಸರ್ವರ್ ಆದ ಟಾಮ್‌ಕ್ಯಾಟ್ 8.5.32 ಮತ್ತು ಜಾವಾ 8ರ ಮೇಲೆ ನಮ್ಮ ಎರಡು ಅಪ್ಲಿಕೇಶನ್ ನಡೆಯುತ್ತಿವೆ. ಮುಂದೆ ಅಪಾಚೆ ಎಚ್‌ಟಿಟಿಪಿ ಸರ್ವರ್ ಇದೆ, ಎಜೆಪಿ (ಎರಡು ಸರ್ವರ್ ಪರಸ್ಪರ ಮಾತಾಡುವ ಒಂದು ವಿಧಾನ) ಮೂಲಕ ಜೋಡಿಸಿದ್ದಾರೆ. ಮೊದಲ ಅಪ್ಲಿಕೇಶನ್ ಸದಸ್ಯರ ಖಾತೆ ಮತ್ತು ಸಾಲದ್ದು. ತುಂಬಾ ಹಳೆಯದು, ಜೆಎಸ್‌ಪಿ (ಜಾವಾ ಸೇರಿಸಿ ಬರೆದ ವೆಬ್ ಪುಟಗಳು) ಮತ್ತು ಸ್ಪ್ರಿಂಗ್ 4 (ಜಾವಾದ ಒಂದು ಸಿದ್ಧ ಚೌಕಟ್ಟು). ಬರೆದುಕೊಟ್ಟವರು ಈಗ ಸಿಗುವುದಿಲ್ಲ, ಆದರೆ ಸೋರ್ಸ್ ಕೋಡ್ ನಮ್ಮ ಹತ್ತಿರ ಇದೆ. ಎರಡನೆಯದು ರಸೀದಿ ಮತ್ತು ಎಸ್‌ಎಂಎಸ್‌ಗೆ, ಸ್ಪ್ರಿಂಗ್ ಬೂಟ್ 2.7ರ ವಾರ್ ಫೈಲ್ (ಇಡೀ ಅಪ್ಲಿಕೇಶನ್ ಕಟ್ಟಿಟ್ಟ ಒಂದೇ ಫೈಲ್). ಈ ಸಲದ ಆಡಿಟ್‌ನಲ್ಲಿ "ವೆಬ್ ಸರ್ವರ್‌ನ ಬೆಂಬಲದ ಅವಧಿ ಮುಗಿದಿದೆ, ಅಪ್‌ಗ್ರೇಡ್ ಮಾಡಿ" ಎಂದು ಬರೆದಿದ್ದಾರೆ. ಹೊಸ ಮೆಷಿನ್‌ಗೆ ಡೆಬಿಯನ್ 12 ಹಾಕಿ, ಅದರ ಜೊತೆ ಬರುವ ಟಾಮ್‌ಕ್ಯಾಟ್ 10 ಹಾಕಿದೆ. ಮೊದಲ ಅಪ್ಲಿಕೇಶನ್ ಏಳಲೇ ಇಲ್ಲ, ಲಾಗ್ ತುಂಬಾ ಎರರ್. ಎರಡನೆಯದಕ್ಕೆ ಲಾಗ್‌ನಲ್ಲಿ ಒಂದೂ ಎರರ್ ಇಲ್ಲ, ಆದರೂ ಯಾವ ಪುಟ ತೆರೆದರೂ 404. ಹಳೇ ಸರ್ವ್ಲೆಟ್ ಜಾರ್ (ವೆಬ್ ಕೋರಿಕೆಗೆ ಉತ್ತರಿಸುವ ಜಾವಾ ಭಾಗ ಸರ್ವ್ಲೆಟ್, ಕೋಡಿನ ಕಟ್ಟು ಜಾರ್) ತಂದು ಲಿಬ್ ಫೋಲ್ಡರ್‌ಗೆ ಹಾಕಿ ಎಂದು ಒಬ್ಬರು ಹೇಳುತ್ತಾರೆ. ಎಲ್ಲ ಹೊಸದಾಗಿ ಬರೆಸಿ ಎಂದು ಇನ್ನೊಬ್ಬರು. ಇಷ್ಟೆಲ್ಲ ಒದ್ದಾಡುವ ಬದಲು ನೇರ 11ಕ್ಕೇ ಹೋಗಿಬಿಡಲಾ? ಕಾರ್ಯದರ್ಶಿಯವರು ದಿನಾ ಕೇಳುತ್ತಿದ್ದಾರೆ.

ಉತ್ತರ: ಮೊದಲು ಸಮಾಧಾನ ಮಾಡಿಕೊಳ್ಳಿ. ನಿಮ್ಮ ಅಪ್ಲಿಕೇಶನ್ ಕೆಟ್ಟಿಲ್ಲ, ನೀವೂ ಏನೂ ಕೆಡಿಸಿಲ್ಲ. 8.5ಕ್ಕಾಗಿ ಮಾಡಿದ ವಾರ್ ಫೈಲನ್ನು ಟಾಮ್‌ಕ್ಯಾಟ್ 10ರಲ್ಲಿ ಇಟ್ಟರೆ ಯಾರಿಗಾದರೂ ಹೀಗೇ ಆಗುತ್ತದೆ.

ನನ್ನ ಸಲಹೆ ಇಷ್ಟು. ಸದ್ಯಕ್ಕೆ 10 ಬೇಡ, 11 ಕೂಡ ಬೇಡ. ಟಾಮ್‌ಕ್ಯಾಟ್ 9.0ರ ಇತ್ತೀಚಿನ ಬಿಡುಗಡೆಗೆ ಹೋಗಿ, ಜಾವಾ 8 ಹಾಗೇ ಇರಲಿ. ನಿಮ್ಮ ಎರಡೂ ವಾರ್ ಫೈಲ್ ಕೋಡ್ ಮುಟ್ಟದೆ ಅಲ್ಲಿ ಏಳಬೇಕು. ಆಡಿಟ್‌ನ ಆಕ್ಷೇಪಣೆಗೂ ಅದು ಸರಿಯಾದ ಉತ್ತರ. ಆಮೇಲೆ ಸಿಗುವ ಸಮಯದಲ್ಲಿ ದೊಡ್ಡ ಬದಲಾವಣೆಗೆ ತಯಾರಿ ಮಾಡಿಕೊಳ್ಳಿ. ಇನ್ನೊಂದು ಮಾತು ಈಗಲೇ ಹೇಳಿಬಿಡುತ್ತೇನೆ: ಟಾಮ್‌ಕ್ಯಾಟ್ 10ರ ಪ್ರಯೋಗವನ್ನು ಸಂಘದ ಅಸಲಿ ಡೇಟಾಬೇಸಿಗೆ ಜೋಡಿಸಿ ಮಾಡಬೇಡಿ. ಏಳದ ಅಪ್ಲಿಕೇಶನ್ ಕಣ್ಣಿಗೆ ಕಾಣುತ್ತದೆ, ಅದರಿಂದ ಅಂಥ ಅಪಾಯವಿಲ್ಲ. ಎದ್ದು, ಚೆನ್ನಾಗಿ ನಡೆಯುತ್ತಿರುವಂತೆ ಕಂಡು, ಒಳಗೊಳಗೇ ಸದಸ್ಯರ ಹೆಸರನ್ನು ಅಳಿಸುವ ಅಪ್ಲಿಕೇಶನ್ ನಿಜವಾದ ಅಪಾಯ. ಅದು ಹೇಗೆ ಎಂದು ಮುಂದೆ ಬಿಡಿಸಿ ಹೇಳುತ್ತೇನೆ.

ಆಡಿಟರ್ ಹೇಳಿದ್ದು ಸರಿಯಾ? ಸರಿ. ಟಾಮ್‌ಕ್ಯಾಟ್ 8.5ರ ಬೆಂಬಲ 2024ರ ಮಾರ್ಚ್ 31ಕ್ಕೆ ಮುಗಿಯಿತು. ಆ ಸರಣಿಯ ಕೊನೆಯ ಬಿಡುಗಡೆ 8.5.100. ನಿಮ್ಮದು 8.5.32, ಅಂದರೆ 2018ರದ್ದು. ಸರಣಿ ಜೀವಂತವಾಗಿದ್ದಾಗ ಬಂದ ತೇಪೆಗಳೂ ನಿಮ್ಮಲ್ಲಿಲ್ಲ. 2020ರಲ್ಲಿ ಘೋಸ್ಟ್‌ಕ್ಯಾಟ್ ಎಂಬ ದೊಡ್ಡ ದೋಷ ಹೊರಬಿತ್ತು. 8009ನೇ ಪೋರ್ಟ್‌ನಲ್ಲಿ ಕೂರುವ ಎಜೆಪಿ ಕನೆಕ್ಟರ್ ತಲುಪಲು ಸಾಧ್ಯವಾದವರು ಅಪ್ಲಿಕೇಶನ್ ಒಳಗಿನ ಫೈಲ್‌ಗಳನ್ನು ಓದಬಹುದಿತ್ತು. ಡೇಟಾಬೇಸಿನ ಪಾಸ್‌ವರ್ಡ್ ಇರುವ ಫೈಲ್ ಕೂಡ. ಅದನ್ನು ಸರಿಪಡಿಸಿದ್ದು 8.5.51ರಲ್ಲಿ. ನೀವು ಎಜೆಪಿ ಬಳಸುತ್ತಿದ್ದೀರಿ, ಹಾಗಾಗಿ ಈ ವಿಷಯ ನಿಮಗೆ ನೇರವಾಗಿ ಸಂಬಂಧಿಸಿದ್ದು. ಉಳಿದದ್ದು ಆಮೇಲೆ ಓದಿ. 8009 ಪೋರ್ಟ್ ಹೊರಗಿನಿಂದ, ಅಥವಾ ಶಾಖೆಗಳ ಕಂಪ್ಯೂಟರ್‌ಗಳಿಂದ ತಲುಪುವಂತಿದೆಯಾ ಅಂತ ಇವತ್ತೇ ನೋಡಿ. ತಲುಪುವಂತಿದ್ದರೆ ಫೈರ್‌ವಾಲ್‌ನಲ್ಲಿ ಇವತ್ತೇ ಮುಚ್ಚಿ.

2025ರ ಮಾರ್ಚ್‌ನಲ್ಲಿ ಇನ್ನೊಂದು ಬಂತು. ಪುಟ್ ವಿಧಾನದಲ್ಲಿ ಫೈಲನ್ನು ತುಂಡು ತುಂಡಾಗಿ ಕಳಿಸಿ ಸರ್ವರ್ ಮೇಲೆ ತಮ್ಮ ಕೋಡ್ ಓಡಿಸಲು ದಾರಿ ಮಾಡುವ ದೋಷ. ಇದು ಎಲ್ಲರಿಗೂ ತಟ್ಟುವಂಥದ್ದಲ್ಲ. ಡೀಫಾಲ್ಟ್ ಸರ್ವ್ಲೆಟ್‌ಗೆ ಬರೆಯುವ ಅನುಮತಿ ಕೊಟ್ಟಿರಬೇಕು, ಜೊತೆಗೆ ಇನ್ನೂ ಕೆಲವು ಷರತ್ತು ಕೂಡಿಬರಬೇಕು. ಟಾಮ್‌ಕ್ಯಾಟ್ ತಂಡ ಇದನ್ನು 9.0.99, 10.1.35 ಮತ್ತು 11.0.3ರಲ್ಲಿ ಸರಿಪಡಿಸಿತು. 8.5ಕ್ಕೆ ಏನೂ ಬರಲಿಲ್ಲ. ಬೆಂಬಲ ಮುಗಿಯುವುದು ಅಂದರೆ ಇದೇ. ಸರ್ವರ್ ಮರುದಿನವೇ ಕೆಡುವುದಿಲ್ಲ. ಆದರೆ ಮುಂದೆ ತೂತು ಸಿಕ್ಕರೆ ಮುಚ್ಚುವವರು ಇರುವುದಿಲ್ಲ.

ಆ ಮೂರು ಸಂಖ್ಯೆಗಳನ್ನು ಮತ್ತೊಮ್ಮೆ ನೋಡಿ. ಒಂದೇ ದೋಷಕ್ಕೆ 9, 10.1, 11 ಮೂರರಲ್ಲೂ ತೇಪೆ ಬಂದಿದೆ. "ದೊಡ್ಡ ನಂಬರ್ ಅಂದರೆ ಜಾಸ್ತಿ ಸುರಕ್ಷಿತ" ಅನ್ನುವ ನಂಬಿಕೆ ನಮ್ಮ ಕಡೆ ತುಂಬಾ ಇದೆ. ಟಾಮ್‌ಕ್ಯಾಟ್ ವಿಷಯದಲ್ಲಿ ಅದು ತಪ್ಪು. ಇಲ್ಲಿ ಮುಖ್ಯ ಸಂಖ್ಯೆ ಹೇಳುವುದು ಯಾವ ಸರ್ವ್ಲೆಟ್ ನಿಯಮಾವಳಿ ಪ್ರಕಾರ ಅದು ನಡೆಯುತ್ತದೆ ಎಂದು. 8.5 ನಡೆಯುವುದು ಸರ್ವ್ಲೆಟ್ 3.1ರ ಪ್ರಕಾರ, 9.0 ನಡೆಯುವುದು 4.0ರ ಪ್ರಕಾರ. 10.1ಕ್ಕೆ 6.0, 11ಕ್ಕೆ 6.1. ಬೇಕಾಗುವ ಜಾವಾ ಕೂಡ ಬೇರೆ ಬೇರೆ: 9.0ಕ್ಕೆ ಜಾವಾ 8 ಸಾಕು, 10.1ಕ್ಕೆ ಕನಿಷ್ಠ 11, ಟಾಮ್‌ಕ್ಯಾಟ್ 11ಕ್ಕೆ ಕನಿಷ್ಠ 17. ಟಾಮ್‌ಕ್ಯಾಟ್ ಹೊರತರುವ ಅಪಾಚೆ ಸಂಸ್ಥೆಯವರು ಹಲವು ಸರಣಿಗಳನ್ನು ಒಟ್ಟೊಟ್ಟಿಗೆ ನೋಡಿಕೊಳ್ಳುತ್ತಾರೆ. 9.0ಕ್ಕೆ 2027ರ ಮಾರ್ಚ್ 31ರವರೆಗೆ ಬೆಂಬಲ ಇದೆ ಎಂದು ಘೋಷಿಸಿದ್ದಾರೆ. ಅದೇ 10.0 ಸರಣಿ 2022ರ ಅಕ್ಟೋಬರ್ 31ಕ್ಕೇ ಮುಗಿದುಹೋಯಿತು. ಅಂದರೆ 9ಕ್ಕಿಂತ ದೊಡ್ಡ ನಂಬರಿನದು 9ಕ್ಕಿಂತ ಎಷ್ಟೋ ಮೊದಲು ಹೋಯಿತು! ಯಾರಾದರೂ "10 ಹಾಕಿಸಿಕೊಟ್ಟಿದ್ದೇವೆ" ಎಂದರೆ, 10.0ನಾ 10.1ನಾ ಎಂದು ತಪ್ಪದೆ ಕೇಳಿ.

ಈಗ ನಿಮ್ಮ ಅಪ್ಲಿಕೇಶನ್ ಯಾಕೆ ಏಳಲಿಲ್ಲ ಅನ್ನುವುದಕ್ಕೆ ಬರೋಣ. ಇದರ ಹಿಂದಿನ ಕಾರಣ ತಾಂತ್ರಿಕಕ್ಕಿಂತ ಕಾನೂನಿನದು. ಜಾವಾದಲ್ಲಿ ವೆಬ್ ಅಪ್ಲಿಕೇಶನ್ ಬರೆಯುವ ನಿಯಮಾವಳಿಗಳ ಗುಂಪಿಗೆ ಜಾವಾ ಇಇ ಎಂದು ಹೆಸರಿತ್ತು. 2017ರಲ್ಲಿ ಒರಾಕಲ್ ಕಂಪನಿ ಅದನ್ನು ಎಕ್ಲಿಪ್ಸ್ ಫೌಂಡೇಶನ್‌ಗೆ ಒಪ್ಪಿಸಲು ಮುಂದಾಯಿತು. ಆದರೆ 'ಜಾವಾ' ಎಂಬ ಟ್ರೇಡ್‌ಮಾರ್ಕ್ ಬಿಟ್ಟುಕೊಡಲಿಲ್ಲ. ಹೊಸ ಹೆಸರು ಜಕಾರ್ತ ಇಇ ಎಂದಾಯಿತು. 'ಜಾವಾಎಕ್ಸ್' ಎಂದು ಶುರುವಾಗುವ ಪ್ಯಾಕೇಜ್ ಹೆಸರುಗಳ ಒಳಗೆ ಇನ್ನು ಮುಂದೆ ಏನನ್ನೂ ಬದಲಾಯಿಸುವಂತಿಲ್ಲ ಎಂದು 2019ರ ಮೇ ತಿಂಗಳಲ್ಲಿ ಖಚಿತವಾಯಿತು. ಹಾಗಾಗಿ 2020ರ ಡಿಸೆಂಬರ್‌ನಲ್ಲಿ ಬಂದ ಜಕಾರ್ತ ಇಇ 9ರಲ್ಲಿ ಎಲ್ಲ ಪ್ಯಾಕೇಜ್‌ಗಳ ಹೆಸರನ್ನೂ ಒಂದೇ ಏಟಿಗೆ ಬದಲಾಯಿಸಿದರು. ಜಾವಾಎಕ್ಸ್ ಡಾಟ್ ಸರ್ವ್ಲೆಟ್ ಹೋಗಿ ಜಕಾರ್ತ ಡಾಟ್ ಸರ್ವ್ಲೆಟ್ ಆಯಿತು. ಟಾಮ್‌ಕ್ಯಾಟ್ 9ರವರೆಗೆ ಹಳೆಯ ಹೆಸರು, 10ರಿಂದ ಹೊಸದು. ಹಳಬರಿಗೆ ನೆನಪಿರಬಹುದು, ಟಾಮ್‌ಕ್ಯಾಟ್ ಮೊದಮೊದಲು ಅಪಾಚೆಯ ಜಕಾರ್ತ ಎಂಬ ಯೋಜನೆಯ ಅಡಿಯಲ್ಲೇ ಬೆಳೆದದ್ದು. ಆ ಯೋಜನೆ ಮುಚ್ಚಿತು, ಹೆಸರು ಹೀಗೆ ಮತ್ತೆ ಬಂತು.

ಜಾವಾಗೆ ಪ್ಯಾಕೇಜ್ ಹೆಸರು ಬೇರೆಯಾದರೆ ಕ್ಲಾಸೇ ಬೇರೆ. ಒಳಗಿನ ಕೋಡ್ ಅಕ್ಷರಶಃ ಒಂದೇ ಇದ್ದರೂ ಅದಕ್ಕೆ ಲೆಕ್ಕವಿಲ್ಲ. ನಿಮ್ಮ ಹಳೆಯ ಅಪ್ಲಿಕೇಶನ್‌ನಲ್ಲಿ ಏನೇನು ಎಬ್ಬಿಸಬೇಕು ಎಂದು ಹೇಳುವ ವೆಬ್ ಎಕ್ಸ್‌ಎಂಎಲ್ ಫೈಲ್ ಇದೆ, ಅದರಲ್ಲಿ ಸ್ಪ್ರಿಂಗ್‌ನ ಲಿಸನರ್ (ಅಪ್ಲಿಕೇಶನ್ ಏಳುವಾಗ ಓಡುವ ಕೋಡ್) ಹೆಸರಿದೆ. ಟಾಮ್‌ಕ್ಯಾಟ್ 10 ಆ ಲಿಸನರ್ ಎತ್ತಿಕೊಳ್ಳಲು ಹೋಯಿತು, ಅದು ಜಾವಾಎಕ್ಸ್ ಸರ್ವ್ಲೆಟ್ ಕೇಳಿತು, ಅದು ಅಲ್ಲಿರಲಿಲ್ಲ. ಅದಕ್ಕೇ ಲಾಗ್ ತುಂಬಾ ಎರರ್.

ಎರಡನೆಯದು ಇನ್ನೂ ಸ್ವಾರಸ್ಯ, ಎಷ್ಟೋ ಜನ ದಿನಗಟ್ಟಲೆ ತಲೆ ಕೆಡಿಸಿಕೊಳ್ಳುವುದು ಇಲ್ಲೇ. ಸ್ಪ್ರಿಂಗ್ ಬೂಟ್ ವಾರ್‌ನಲ್ಲಿ ವೆಬ್ ಎಕ್ಸ್‌ಎಂಎಲ್ ಇರುವುದಿಲ್ಲ. "ಸರ್ವರ್ ಏಳುವಾಗ ನನ್ನನ್ನು ಕರೆಯಿರಿ" ಎಂದು ಹೇಳಲು ಜಾರ್ ಒಳಗೆ ಒಂದು ನಿರ್ದಿಷ್ಟ ಹೆಸರಿನ ಸಣ್ಣ ಫೈಲ್ ಇರುತ್ತದೆ. ಆ ಫೈಲಿನ ಹೆಸರೇ ಜಾವಾಎಕ್ಸ್‌ನಿಂದ ಶುರುವಾಗುತ್ತದೆ. ಟಾಮ್‌ಕ್ಯಾಟ್ 10 ಹುಡುಕುವುದು ಜಕಾರ್ತದಿಂದ ಶುರುವಾಗುವ ಫೈಲನ್ನು. ಸಿಗಲಿಲ್ಲ, ಸುಮ್ನೆ ಮುಂದಕ್ಕೆ ಹೋಯಿತು. ಅದರ ದೃಷ್ಟಿಯಲ್ಲಿ ನಿಮ್ಮದು ಒಂದಷ್ಟು ಜಾರ್ ಇರುವ ಖಾಲಿ ಅಪ್ಲಿಕೇಶನ್. ತಪ್ಪೇನೂ ನಡೆದಿಲ್ಲ, ಹಾಗಾಗಿ ಎರರ್ ಇಲ್ಲ. ಪುಟಗಳೂ ಇಲ್ಲ, ಹಾಗಾಗಿ 404.

ಇದರ ಮೇಲೆ ಇನ್ನೊಂದು ಬದಲಾವಣೆ ನಿಮಗೆ ಗೊತ್ತಿಲ್ಲದೆ ಆಗಿದೆ. ಡೆಬಿಯನ್ 12ರ ಜೊತೆ ಬರುವ ಜಾವಾ 17. ನೀವು ಸರ್ವರ್ ಒಂದನ್ನೇ ಅಲ್ಲ, ಜಾವಾವನ್ನೂ 8ರಿಂದ 17ಕ್ಕೆ ಒಟ್ಟಿಗೆ ಬದಲಾಯಿಸಿದ್ದೀರಿ. ಸ್ಪ್ರಿಂಗ್ 4 ಜಾವಾ 8ರ ಕಾಲದ್ದು, 17ರ ಮೇಲೆ ಅದನ್ನು ನಂಬುವಂತಿಲ್ಲ. ಎರಡು ಬದಲಾವಣೆ ಒಟ್ಟಿಗೆ ಮಾಡಿದರೆ ಯಾವ ಎರರ್ ಯಾವುದರಿಂದ ಬಂತು ಎಂದು ಬಿಡಿಸುವುದೇ ದೊಡ್ಡ ಕೆಲಸವಾಗುತ್ತದೆ. ಒಂದು ಸಲಕ್ಕೆ ಒಂದೇ ಬದಲಾಯಿಸಿ.

ನಿಮಗೆ ಸಿಕ್ಕ ಸಲಹೆಗಳನ್ನು ನೋಡೋಣ. ಹಳೆಯ ಸರ್ವ್ಲೆಟ್ ಜಾರನ್ನು ಲಿಬ್‌ಗೆ ಹಾಕುವುದು: ಇದರಿಂದ ಮೊದಲ ಎರರ್ ಹೋಗುತ್ತದೆ, ನಿಜ. ಕೂಡಲೇ ಇನ್ನೊಂದು ಬರುತ್ತದೆ, "ಈ ಕ್ಲಾಸ್ ಜಕಾರ್ತ ಸರ್ವ್ಲೆಟ್ ಅಲ್ಲ" ಎಂದು. ಕ್ಲಾಸ್ ಸಿಕ್ಕಿತು, ಆದರೆ ಟಾಮ್‌ಕ್ಯಾಟ್‌ಗೆ ಬೇಕಾದದ್ದು ಅದಲ್ಲ. ಈ ದಾರಿ ಎಲ್ಲಿಗೂ ಮುಟ್ಟುವುದಿಲ್ಲ.

ಇನ್ನು ಕೆಲವರು ಎಡಿಟರ್‌ನಲ್ಲಿ ಜಾವಾಎಕ್ಸ್ ಎಂದಿರುವ ಕಡೆಯೆಲ್ಲ ಜಕಾರ್ತ ಎಂದು ಒಟ್ಟಿಗೆ ಬದಲಾಯಿಸಿ ಅನ್ನುತ್ತಾರೆ. ಬೇಡ. ಎಲ್ಲ ಜಾವಾಎಕ್ಸ್ ಜಾವಾ ಇಇಗೆ ಸೇರಿದ್ದಲ್ಲ. ಸರ್ವ್ಲೆಟ್, ಮೇಲ್, ಪರ್ಸಿಸ್ಟೆನ್ಸ್, ವ್ಯಾಲಿಡೇಶನ್ ಬದಲಾಗಿವೆ. ಎಸ್‌ಕ್ಯೂಎಲ್, ನೇಮಿಂಗ್, ಕ್ರಿಪ್ಟೊ, ನೆಟ್ ಇವೆಲ್ಲ ಜಾವಾದ ಒಳಗೇ ಇರುವಂಥವು, ಇವತ್ತಿಗೂ ಜಾವಾಎಕ್ಸ್ ಹೆಸರಿನಲ್ಲೇ ಇವೆ. ಟ್ರಾನ್ಸಾಕ್ಷನ್ ಪ್ಯಾಕೇಜಂತೂ ಅರ್ಧ ಆ ಕಡೆ ಅರ್ಧ ಈ ಕಡೆ: ಅದರೊಳಗಿನ ಎಕ್ಸ್‌ಎ ಭಾಗ ಜಾವಾಎಕ್ಸ್ ಆಗೇ ಉಳಿದಿದೆ. ಕಣ್ಣು ಮುಚ್ಚಿ ಬದಲಾಯಿಸಿದರೆ ಡೇಟಾಬೇಸ್ ಸಂಪರ್ಕದ ಕೋಡೇ ಕಂಪೈಲ್ ಆಗುವುದಿಲ್ಲ.

ನೀವು ಕೇಳದ ಇನ್ನೊಂದು ಸಲಹೆಯೂ ಚಾಲ್ತಿಯಲ್ಲಿದೆ. ಎರರ್ ಪುಟದ ಕೆಳಗೆ ಕಾಣುವ ಟಾಮ್‌ಕ್ಯಾಟ್ ಆವೃತ್ತಿಯನ್ನು ಮರೆಮಾಡಿದರೆ ಸ್ಕ್ಯಾನರ್ ಸುಮ್ಮನಾಗುತ್ತದೆ, ಆಡಿಟ್ ಪಾಸ್ ಆಗುತ್ತದೆ ಎಂದು. ಮರೆಮಾಡುವುದು ಒಳ್ಳೆಯ ಅಭ್ಯಾಸವೇ, ಮಾಡಿ. ಆದರೆ ದೋಷ ಅಲ್ಲೇ ಇರುತ್ತದೆ. ಸರ್ವರ್‌ನಲ್ಲಿ ಜನರ ದುಡ್ಡಿನ ಲೆಕ್ಕ ಇರುವಾಗ ಇಂಥ ಪಾಸ್ ಯಾರಿಗೆ ಬೇಕು?

ಈಗ ನಾನು ಮೊದಲೇ ಹೇಳಿದ ಅಪಾಯಕ್ಕೆ ಬರುತ್ತೇನೆ. ಇದು ಕನ್ನಡದಲ್ಲಿ ದಾಖಲೆ ಇಡುವ ಎಲ್ಲರೂ ತಿಳಿದಿರಬೇಕಾದ ವಿಷಯ.

ಟಾಮ್‌ಕ್ಯಾಟ್ 8ರಿಂದ 9ರವರೆಗೆ ಒಂದು ವಿಚಿತ್ರ ಇತ್ತು. ಯುಆರ್‌ಎಲ್‌ನಲ್ಲಿ ಬಂದ ಅಕ್ಷರಗಳನ್ನು ಅದು ಯುಟಿಎಫ್-8 (ಕನ್ನಡವೂ ಸೇರಿದ ಅಕ್ಷರ ಸಂಕೇತ) ಎಂದು ಓದುತ್ತಿತ್ತು. ಪೋಸ್ಟ್ ಮಾಡಿದ ಫಾರಂ ಒಳಗಿನ ಅಕ್ಷರಗಳನ್ನು, ಬೇರೆ ಏನೂ ಹೇಳದಿದ್ದರೆ, ಐಎಸ್‌ಒ-8859-1 ಎಂದು ಓದುತ್ತಿತ್ತು. ಆ ಸಂಕೇತದಲ್ಲಿ ಕನ್ನಡ ಇಲ್ಲವೇ ಇಲ್ಲ. ಒಂದೊಂದು ಕನ್ನಡ ಅಕ್ಷರಕ್ಕೆ ಯುಟಿಎಫ್-8ರಲ್ಲಿ ಮೂರು ಬೈಟ್. "ಶಂಕರಪ್ಪ" ಎಂದು ಫಾರಂನಲ್ಲಿ ತುಂಬಿದರೆ, ಅದರ ಏಳು ಸಂಕೇತಗಳು ಇಪ್ಪತ್ತೊಂದು ಅರ್ಥವಿಲ್ಲದ ಚಿಹ್ನೆಗಳಾಗಿ ಅಪ್ಲಿಕೇಶನ್‌ಗೆ ತಲುಪುತ್ತಿದ್ದವು. ಹುಡುಕುವ ಪುಟದಲ್ಲಿ ಕನ್ನಡ ಸರಿ, ಉಳಿಸುವ ಪುಟದಲ್ಲಿ ಗೊಂದಲ. ಇದಕ್ಕೆ ಸರಿಯಾದ ಪರಿಹಾರ ಎನ್‌ಕೋಡಿಂಗ್ ಫಿಲ್ಟರ್ ಹಾಕುವುದು. ಆದರೆ ಅವಸರದಲ್ಲಿ ಬರೆದವರು ಬೇರೆ ಉಪಾಯ ಮಾಡುತ್ತಿದ್ದರು. ಬಂದ ಪದವನ್ನು ಮತ್ತೆ ಐಎಸ್‌ಒ-8859-1 ಬೈಟ್‌ಗಳಾಗಿ ಬಿಚ್ಚಿ, ಯುಟಿಎಫ್-8 ಆಗಿ ಜೋಡಿಸುವ ಒಂದು ಸಾಲು. ತಪ್ಪಾಗಿ ಓದಿದ್ದನ್ನು ಆ ಸಾಲು ತಿರುಗಿಸುತ್ತಿತ್ತು, ಕನ್ನಡ ಸರಿಯಾಗಿ ಡೇಟಾಬೇಸ್ ಸೇರುತ್ತಿತ್ತು. ನಮ್ಮ ಕಡೆಯ ಹಳೆಯ ಜೆಎಸ್‌ಪಿ ಅಪ್ಲಿಕೇಶನ್‌ಗಳಲ್ಲಿ ಈ ಸಾಲನ್ನು ನಾನು ಪದೇ ಪದೇ ನೋಡಿದ್ದೇನೆ.

ಟಾಮ್‌ಕ್ಯಾಟ್ 10ರಿಂದ, ಅದರ ಜೊತೆ ಬರುವ ಕಾನ್ಫ್ ಫೋಲ್ಡರಿನ ವೆಬ್ ಎಕ್ಸ್‌ಎಂಎಲ್‌ನಲ್ಲಿ, ಬರುವ ಮತ್ತು ಹೋಗುವ ಅಕ್ಷರಗಳೆರಡೂ ಯುಟಿಎಫ್-8 ಎಂದು ಬರೆದಿಟ್ಟಿದ್ದಾರೆ. ಒಳ್ಳೆಯ ಬದಲಾವಣೆ, ನಾವು ಕಾಯುತ್ತಿದ್ದದ್ದೇ. ಆದರೆ ಈಗ "ಶಂಕರಪ್ಪ" ಸರಿಯಾಗೇ ಬರುತ್ತದೆ. ಆ ಹಳೆಯ ಸಾಲು ಸರಿ ಇರುವ ಪದವನ್ನು ಹಿಡಿದು ಐಎಸ್‌ಒ-8859-1ಕ್ಕೆ ಬಿಚ್ಚಲು ಹೋಗುತ್ತದೆ. ಅಲ್ಲಿ ಕನ್ನಡಕ್ಕೆ ಜಾಗವಿಲ್ಲ. ಒಂದೊಂದು ಸಂಕೇತದ ಜಾಗದಲ್ಲೂ ಒಂದು ಪ್ರಶ್ನಾರ್ಥಕ ಚಿಹ್ನೆ ಕೂರುತ್ತದೆ. ಸದಸ್ಯರ ಫೋನ್ ನಂಬರ್ ಬದಲಾಯಿಸಲು ನಿಮ್ಮ ಗುಮಾಸ್ತರು ಪುಟ ತೆರೆದು ಉಳಿಸಿದರೆ ಸಾಕು, ಹೆಸರಿನ ಜಾಗದಲ್ಲಿ ಏಳು ಪ್ರಶ್ನಾರ್ಥಕ ಚಿಹ್ನೆಗಳು ಡೇಟಾಬೇಸಿಗೆ ಹೋಗುತ್ತವೆ. ಎರರ್ ಬರುವುದಿಲ್ಲ. ಮೊದಲಿನ ಗೊಂದಲದ ಚಿಹ್ನೆಗಳನ್ನಾದರೂ ತಿರುಗಿಸಬಹುದಿತ್ತು. ಇದನ್ನು ತಿರುಗಿಸುವಂತಿಲ್ಲ, ಮೂಲ ಮಾಹಿತಿಯೇ ಹೋಗಿರುತ್ತದೆ. ಬ್ಯಾಕಪ್ ಒಂದೇ ದಾರಿ.

ಆದ್ದರಿಂದ ನಿಮ್ಮ ಸೋರ್ಸ್ ಕೋಡ್‌ನಲ್ಲಿ 8859 ಎಂದು ಹುಡುಕಿ. ಜೆಎಸ್‌ಪಿ ಫೈಲ್‌ಗಳನ್ನು ಬಿಡಬೇಡಿ, ಇಂಥ ಸಾಲುಗಳು ಹೆಚ್ಚಾಗಿ ಅಲ್ಲೇ ಅಡಗಿರುತ್ತವೆ. ಹಾಗೆಯೇ ಅಪ್ಲಿಕೇಶನ್ ಮೂಲಕ ಅಲ್ಲದೆ, ಡೇಟಾಬೇಸನ್ನೇ ನೇರವಾಗಿ ತೆರೆದು ಒಂದು ಕನ್ನಡ ಹೆಸರು ನೋಡಿ. ಅಲ್ಲಿ ಕನ್ನಡವೇ ಕಂಡರೆ ಒಳ್ಳೆಯದು. ಗೊಂದಲದ ಚಿಹ್ನೆಗಳೇ ಡೇಟಾಬೇಸ್ ಒಳಗೂ ಕೂತಿದ್ದರೆ, 10ಕ್ಕೆ ಹೋಗುವ ಮೊದಲು ಆ ಮಾಹಿತಿಯನ್ನೇ ಸರಿಪಡಿಸುವ ಬೇರೆ ಕೆಲಸ ಇದೆ. ನಿಮ್ಮ ಸ್ಪ್ರಿಂಗ್ ಬೂಟ್ ಅಪ್ಲಿಕೇಶನ್‌ಗೆ ಈ ಚಿಂತೆ ಕಡಿಮೆ, ಅದು ತಾನೇ ಯುಟಿಎಫ್-8 ಹಾಕಿಕೊಳ್ಳುತ್ತದೆ. ಟಾಮ್‌ಕ್ಯಾಟ್ 9ರಲ್ಲಿ ಈ ನಡವಳಿಕೆ 8.5ರಂತೆಯೇ ಇದೆ. ನಾನು 9 ಎನ್ನಲು ಇದೂ ಒಂದು ದೊಡ್ಡ ಕಾರಣ.

ಇನ್ನು ನಿಮ್ಮ ಮುಂದಿರುವ ದಾರಿಗಳು. 8.5ರಲ್ಲೇ ಉಳಿದು ಫೈರ್‌ವಾಲ್ ಬಿಗಿ ಮಾಡುವುದು ಒಂದು. ಎರಡು ಮೂರು ವಾರಕ್ಕೆ ಸರಿ, ಅದಕ್ಕಿಂತ ಜಾಸ್ತಿ ನಾನು ಒಪ್ಪುವುದಿಲ್ಲ. ಜೆಟ್ಟಿ 12 ಎಂಬ ಇನ್ನೊಂದು ಓಪನ್ ಸೋರ್ಸ್ ಸರ್ವರ್ ಇದೆ, ಅದು ಹಳೆಯ ಮತ್ತು ಹೊಸ ಹೆಸರಿನ ಅಪ್ಲಿಕೇಶನ್‌ಗಳನ್ನು ಅಕ್ಕಪಕ್ಕ ನಡೆಸಬಲ್ಲದು. ಆದರೆ ನಿಮಗೆ ಗೊತ್ತಿರುವುದು ಟಾಮ್‌ಕ್ಯಾಟ್, ರಾತ್ರಿ ಹತ್ತಕ್ಕೆ ಸರ್ವರ್ ನಿಂತರೆ ಎಬ್ಬಿಸಬೇಕಾದವರೂ ನೀವೇ. ಅದಕ್ಕೇ ನಾನು ಆ ಕಡೆ ತಳ್ಳುವುದಿಲ್ಲ.

ಟಾಮ್‌ಕ್ಯಾಟ್ ತಂಡವೇ ಕೊಡುವ ಪರಿವರ್ತನೆಯ ಸಾಧನವೂ ಇದೆ. ಹಳೆಯ ವಾರ್ ಫೈಲ್ ಕೊಟ್ಟರೆ ಅದರೊಳಗಿನ ಕ್ಲಾಸ್, ಜೆಎಸ್‌ಪಿ, ಕಾನ್ಫಿಗರೇಶನ್, ಒಳಗಿನ ಜಾರ್‌ಗಳಲ್ಲೆಲ್ಲ ಹೆಸರು ಬದಲಾಯಿಸಿ ಹೊಸ ವಾರ್ ಕೊಡುತ್ತದೆ. ಯಾವ ಜಾವಾಎಕ್ಸ್ ಬದಲಾಯಿಸಬೇಕು, ಯಾವುದು ಬಿಡಬೇಕು ಎಂದು ಅದಕ್ಕೆ ಗೊತ್ತು. ವೆಬ್‌ಆಪ್ಸ್-ಜಾವಾಇಇ ಎಂಬ ಫೋಲ್ಡರ್ ಮಾಡಿ ಹಳೆಯ ವಾರ್ ಅಲ್ಲಿಟ್ಟರೆ ಟಾಮ್‌ಕ್ಯಾಟ್ 10 ತಾನೇ ಪರಿವರ್ತಿಸಿಕೊಳ್ಳುತ್ತದೆ. ಸೋರ್ಸ್ ಕೋಡ್ ಇಲ್ಲದವರಿಗೆ ಇದು ನಿಜಕ್ಕೂ ದೊಡ್ಡ ಉಪಕಾರ. ಹೊಸ ಮೆಷಿನ್‌ನಲ್ಲಿ, ಡೇಟಾಬೇಸಿನ ನಕಲಿನ ಮೇಲೆ, ನೀವೂ ಮಾಡಿ ನೋಡಿ. ಎರಡನೆಯ ಅಪ್ಲಿಕೇಶನ್ ಏಳುವ ಸಾಧ್ಯತೆ ಚೆನ್ನಾಗಿದೆ.

ಆದರೆ ಇದನ್ನೇ ಕೊನೆಯ ಪರಿಹಾರ ಎಂದುಕೊಳ್ಳಬೇಡಿ. ಸಾಧನ ಹೆಸರು ಬದಲಾಯಿಸುತ್ತದೆ, ಅಷ್ಟೇ. ಟಾಮ್‌ಕ್ಯಾಟ್ 10.1ರ ಸರ್ವ್ಲೆಟ್ 6.0ರಲ್ಲಿ ಹಳೆಯ ಮೆಥಡ್‌ಗಳನ್ನು ಪೂರ್ತಿ ತೆಗೆದುಹಾಕಿದ್ದಾರೆ. ಸೆಷನ್‌ನ ಪುಟ್‌ವ್ಯಾಲ್ಯೂ, ಗೆಟ್‌ವ್ಯಾಲ್ಯೂ ಈಗಿಲ್ಲ. ರಿಕ್ವೆಸ್ಟ್ ಮೇಲೆ ನೇರವಾಗಿ ಕರೆಯುವ ಗೆಟ್‌ರಿಯಲ್‌ಪಾತ್ ಇಲ್ಲ. ಫೋಟೊ, ಸಹಿ ಉಳಿಸುವ ಹಳೆಯ ಪುಟಗಳಲ್ಲಿ ಇದನ್ನು ಹೇರಳವಾಗಿ ಬಳಸಿರುತ್ತಾರೆ. ಜೆಎಸ್‌ಪಿ ಒಳಗೆ ಇಂಥದ್ದೊಂದು ಇದ್ದರೆ ಆ ಪುಟ ಮೊದಲ ಸಲ ತೆರೆದಾಗ ಮಾತ್ರ ಎರರ್ ಬರುತ್ತದೆ. ದಿನಾ ತೆರೆಯುವ ಪುಟ ಆದರೆ ಅವತ್ತೇ ಗೊತ್ತಾಗುತ್ತದೆ. ವರ್ಷಕ್ಕೊಮ್ಮೆ ಡಿವಿಡೆಂಡ್ ಲೆಕ್ಕಕ್ಕೆ ತೆರೆಯುವ ಪುಟ ಆದರೆ? ಮಾರ್ಚ್ ಕೊನೆಯಲ್ಲಿ ಗೊತ್ತಾಗುತ್ತದೆ. ಟಾಮ್‌ಕ್ಯಾಟ್ ಒಳಗಿನ ಜಾಸ್ಪರ್‌ಗೆ ಎಲ್ಲ ಜೆಎಸ್‌ಪಿಗಳನ್ನು ಮೊದಲೇ ಕಂಪೈಲ್ ಮಾಡುವ ಸೌಲಭ್ಯ ಇದೆ. ಅದನ್ನು ಓಡಿಸಿದರೆ ಇವೆಲ್ಲ ಒಂದೇ ದಿನದಲ್ಲಿ ಹೊರಬರುತ್ತವೆ.

ನಿಮ್ಮ ಹತ್ತಿರ ಸೋರ್ಸ್ ಇರುವುದರಿಂದ, ಕೊನೆಗೆ ಹೋಗಬೇಕಾದ ದಾರಿ ಕೋಡನ್ನೇ ಬದಲಾಯಿಸುವುದು. ಎಲ್ಲ ಹೊಸದಾಗಿ ಬರೆಸಿ ಎಂದು ಹೇಳಿದವರ ಮಾತು ಅತಿಯಾಯಿತು. ರಸೀದಿಯ ಅಪ್ಲಿಕೇಶನ್‌ಗೆ ಸ್ಪ್ರಿಂಗ್ ಬೂಟ್ 3 ಬೇಕು, ಅದಕ್ಕೆ ಜಾವಾ 17 ಬೇಕು. ಸ್ಪ್ರಿಂಗ್ ಬೂಟ್ 2.7ರ ಉಚಿತ ಬೆಂಬಲ 2023ರ ನವೆಂಬರ್‌ನಲ್ಲೇ ಮುಗಿದಿದೆ, ಹಾಗಾಗಿ ಇದು ಹೇಗೂ ಆಗಬೇಕಾದ ಕೆಲಸ. ಜಾವಾ ಬಲ್ಲ ಒಬ್ಬರು ಕೂತು ಮಾಡಬಹುದಾದದ್ದು. ಖಾತೆಯ ಅಪ್ಲಿಕೇಶನ್ ಕಷ್ಟ. ಸ್ಪ್ರಿಂಗ್ 4ರಿಂದ 6ಕ್ಕೆ ಏರಬೇಕು, ಜೊತೆಗಿರುವ ಪ್ರತಿ ಜಾರ್‌ಗೂ ಜಕಾರ್ತ ಆವೃತ್ತಿ ಇದೆಯಾ ಎಂದು ನೋಡಬೇಕು. ಕೆಲವಕ್ಕೆ ಇರುವುದೇ ಇಲ್ಲ. ಹೊರಗಿನವರಿಗೆ ಕೆಲಸ ಕೊಡುವುದಾದರೆ ಮೊದಲು ಆ ಜಾರ್‌ಗಳ ಪಟ್ಟಿ ಮಾಡಿಸಿ, ಆಮೇಲೆ ದರ ಕೇಳಿ. ಪಟ್ಟಿ ನೋಡದೆ ದರ ಹೇಳುವವರನ್ನು ನಾನು ನಂಬುವುದಿಲ್ಲ. ಈ ಕೆಲಸ ಆದ ಮೇಲೆ 10.1ಕ್ಕೋ 11ಕ್ಕೋ ಎಂಬುದು ದೊಡ್ಡ ವಿಷಯವೇ ಅಲ್ಲ. ಜಾವಾ 17ಕ್ಕೆ ಬಂದಿರುತ್ತೀರಿ, ನೇರ 11ಕ್ಕೆ ಹೋಗಿ. ಈಗ ಹೋದರೆ ಮಾತ್ರ 10ರಲ್ಲಿ ಆದದ್ದೇ ಅಲ್ಲೂ ಆಗುತ್ತದೆ.

9.0ಕ್ಕೆ ಹೋಗುವಾಗ ಗಮನಿಸಬೇಕಾದದ್ದು ಹೇಳುತ್ತೇನೆ. ಡೆಬಿಯನ್ 12ರ ಭಂಡಾರದಲ್ಲಿ ಟಾಮ್‌ಕ್ಯಾಟ್ 9 ಸರ್ವರ್ ಇಲ್ಲ, ಅಪಾಚೆಯ ತಾಣದಿಂದಲೇ ಇಳಿಸಿಕೊಳ್ಳಿ. ಜಾವಾ 8 ಕೂಡ ಹೊರಗಿನಿಂದಲೇ ಬರಬೇಕು. ಅದಕ್ಕೆ ಈಗಲೂ ತೇಪೆ ಬರುತ್ತಿದೆ, ಹೊಸ ಬಿಲ್ಡ್ ತೆಗೆದುಕೊಳ್ಳಿ. ಇದರ ತೊಂದರೆ ಏನೆಂದರೆ ಮುಂದಿನ ತೇಪೆಗಳು ತಾವಾಗಿ ಬರುವುದಿಲ್ಲ. ಅಪಾಚೆಯ ಪ್ರಕಟಣೆಗಳಿಗೆ ನಿಮ್ಮ ಇಮೇಲ್ ಕೊಟ್ಟಿಡಿ. ಟಾಮ್‌ಕ್ಯಾಟ್ ಪ್ರೋಗ್ರಾಂ ಒಂದು ಫೋಲ್ಡರ್, ನಿಮ್ಮ ಕಾನ್ಫಿಗರೇಶನ್ ಮತ್ತು ವಾರ್‌ಗಳು ಇನ್ನೊಂದು ಫೋಲ್ಡರ್ ಇರಲಿ. ಕ್ಯಾಟಲಿನಾ ಹೋಮ್ ಮತ್ತು ಕ್ಯಾಟಲಿನಾ ಬೇಸ್ ಎಂದು ಎರಡು ಇರುವುದು ಇದಕ್ಕೇ. ಆಗ ತೇಪೆ ಹಾಕುವುದು ಹತ್ತು ನಿಮಿಷದ ಕೆಲಸ.

ಹಳೆಯ ಸರ್ವರ್ ಎಕ್ಸ್‌ಎಂಎಲ್ ಫೈಲನ್ನು ಹಾಗೇ ಕಾಪಿ ಮಾಡಬೇಡಿ. ಹೊಸದನ್ನು ತೆರೆದು, ನಿಮ್ಮ ಬದಲಾವಣೆಗಳನ್ನು ಒಂದೊಂದಾಗಿ ಸೇರಿಸಿ. ಘೋಸ್ಟ್‌ಕ್ಯಾಟ್ ಆದ ಮೇಲೆ ಎಜೆಪಿಗೆ ರಹಸ್ಯ ಪದ ಕಡ್ಡಾಯವಾಗಿದೆ. ಅದಿಲ್ಲದ ಹಳೆಯ ಸಾಲು ಹಾಕಿದರೆ ಕನೆಕ್ಟರ್ ಏಳುವುದೇ ಇಲ್ಲ. ಎಜೆಪಿಯನ್ನೇ ಬಿಟ್ಟು, ಮುಂದೆ ಇರುವ ಅಪಾಚೆ ಎಚ್‌ಟಿಟಿಪಿ ಸರ್ವರ್‌ನಿಂದ ಸಾಮಾನ್ಯ ಎಚ್‌ಟಿಟಿಪಿ ಪ್ರಾಕ್ಸಿ ಮಾಡಿ ಎನ್ನುವುದು ನನ್ನ ಸಲಹೆ. ಬಳಕೆದಾರರ ಅಸಲಿ ಐಪಿ ವಿಳಾಸ ಬೇಕಿದ್ದರೆ ರಿಮೋಟ್ ಐಪಿ ವಾಲ್ವ್ ಸೇರಿಸಿ.

ಇಲ್ಲೂ ಸದ್ದಿಲ್ಲದೆ ಬದಲಾದದ್ದು ಒಂದಿದೆ. ಒಂದು ಫಾರಂನಲ್ಲಿ ಎಷ್ಟು ಮಾಹಿತಿ ಅಂಶಗಳು ಬರಬಹುದು ಎಂಬ ಮಿತಿ ಮೊದಲು 10,000 ಇತ್ತು, ಈಗಿನ ಬಿಡುಗಡೆಗಳಲ್ಲಿ 1,000. ಮಿತಿ ಮೀರಿದರೆ ಟಾಮ್‌ಕ್ಯಾಟ್ 9 ಫಾರಂ ತಿರಸ್ಕರಿಸುವುದಿಲ್ಲ. ಮೊದಲ ಸಾವಿರ ತೆಗೆದುಕೊಂಡು ಉಳಿದದ್ದನ್ನು ಬಿಟ್ಟುಬಿಡುತ್ತದೆ. ನಿಮ್ಮಲ್ಲಿ ಒಂದೇ ಪುಟದಲ್ಲಿ ಮುನ್ನೂರು ಸದಸ್ಯರ ಬಡ್ಡಿ ಹಾಕುವ ಪಟ್ಟಿ ಇದ್ದು, ಒಬ್ಬೊಬ್ಬರಿಗೆ ನಾಲ್ಕು ಕಾಲಂ ಇದ್ದರೆ ಅಲ್ಲಿಗೇ 1,200. ಕೊನೆಯ ಐವತ್ತು ಜನಕ್ಕೆ ಬಡ್ಡಿ ಹೋಗಲಿಲ್ಲ ಎಂದು ಯಾರಿಗೂ ಗೊತ್ತಾಗುವುದಿಲ್ಲ. ಅಂಥ ಪುಟಗಳನ್ನು ಹುಡುಕಿ, ಮ್ಯಾಕ್ಸ್‌ಪ್ಯಾರಾಮೀಟರ್‌ಕೌಂಟ್ ಎಂಬ ಸಂಖ್ಯೆಯನ್ನು ಅದಕ್ಕೆ ತಕ್ಕಷ್ಟು ಏರಿಸಿ. ಫೇಲ್ಡ್ ರಿಕ್ವೆಸ್ಟ್ ಫಿಲ್ಟರ್ ಕೂಡ ಹಾಕಿ. ಆಗ ಮಿತಿ ಮೀರಿದ ಫಾರಂ ಅರ್ಧ ಉಳಿಯುವ ಬದಲು ಪೂರ್ತಿ ತಿರಸ್ಕಾರವಾಗುತ್ತದೆ, ಗುಮಾಸ್ತರಿಗೆ ಕಾಣುತ್ತದೆ.

ಹೊಸ 9.0 ಅನ್ನು ಬೇರೆ ಪೋರ್ಟ್‌ನಲ್ಲಿ ಎಬ್ಬಿಸಿ, ಡೇಟಾಬೇಸಿನ ನಕಲಿಗೆ ಜೋಡಿಸಿ, ನಿಮ್ಮ ಸಿಬ್ಬಂದಿಯಿಂದಲೇ ಒಂದು ದಿನದ ಪೂರ್ತಿ ವ್ಯವಹಾರ ಅದರಲ್ಲಿ ಮಾಡಿಸಿ. ಹೊಸ ಸದಸ್ಯ, ಸಾಲದ ಕಂತು, ಕನ್ನಡ ರಸೀದಿ, ದಿನದ ಕೊನೆಯ ಪಟ್ಟಿ. ಸರಿ ಬಂದರೆ ರಜಾದಿನ ನೋಡಿ ಮುಂದೆ ಇರುವ ಅಪಾಚೆ ಸರ್ವರ್‌ನಲ್ಲಿ ದಾರಿ ತಿರುಗಿಸಿ. 8.5 ಅನ್ನು ನಿಲ್ಲಿಸಿ, ಆದರೆ ಅಳಿಸಬೇಡಿ. ಏನಾದರೂ ಕೈಕೊಟ್ಟರೆ ವಾಪಸ್ ತಿರುಗಿಸಬಹುದು.

ಕಾರ್ಯದರ್ಶಿಯವರಿಗೆ ಮತ್ತು ಆಡಿಟರ್‌ಗೆ ಬರೆದು ಕೊಡಿ: ಬೆಂಬಲ ಇರುವ 9.0 ಸರಣಿಗೆ ಬಂದಿದ್ದೇವೆ, ಆವೃತ್ತಿ ಇಷ್ಟು, ಇಂಥ ದಿನ. 2027ರ ಮಾರ್ಚ್ ಒಳಗೆ ಜಕಾರ್ತ ಹೆಸರುಗಳಿಗೆ ಕೋಡ್ ಬದಲಾಯಿಸಿ ಟಾಮ್‌ಕ್ಯಾಟ್ 11ಕ್ಕೆ ಹೋಗುವ ಯೋಜನೆ ಇದೆ, ಅದಕ್ಕೆ ಇಷ್ಟು ಹಣ ಬೇಕು. ಆ ಕೊನೆಯ ಸಾಲನ್ನು ಮರೆಯಬೇಡಿ. ಸಂಘದ ಬಜೆಟ್‌ನಲ್ಲಿ ಅದು ಈ ವರ್ಷವೇ ಸೇರದಿದ್ದರೆ, 9.0ರ ಗಡುವು ಹತ್ತಿರ ಬಂದಾಗ ಖಾತೆ ಅಪ್ಲಿಕೇಶನ್ ಸ್ಪ್ರಿಂಗ್ 4ರಲ್ಲೇ ಇರುತ್ತದೆ.